ಮೂರು ವಾರ ತಿಂದ ಕಾಲು ಮಿಲಿಮೀಟರ್

ಕೊನೆಗೂ ಮಿನಾರು ಚೂಪಾಗಿ ಬಂತು! ಮಹಮೂದ್ ಗವಾನ್ ಮದರಸಾದಲ್ಲಿ ಉಳಿದಿರುವ ಒಂದೇ ಒಂದು ಮಿನಾರು. ನಿನ್ನೆ ಸಂಜೆ ರಸ್ತೆ ಬದಿಯಲ್ಲಿ ನಿಂತು, ಪರದೆಯನ್ನು ಹತ್ತು ಪಟ್ಟು ಹಿಗ್ಗಿಸಿ ನೋಡಿದೆ. ನೀಲಿ ಬಿಲ್ಲೆ ಎಲ್ಲಿ ಮುಗಿಯುತ್ತದೆ, ಗಾರೆ ಎಲ್ಲಿ ಶುರುವಾಗುತ್ತದೆ ಅಂತ ಬೆರಳಿಟ್ಟು ತೋರಿಸಬಹುದಿತ್ತು. ಖುಷಿಯಲ್ಲಿ ಒಂದೇ ಶಾಟನ್ನು ಆರು ಸಲ ತೆಗೆದೆ.

ಹಿಂದಿನದು ಗೊತ್ತಿಲ್ಲದವರಿಗೆ ಎರಡು ಮಾತು. ಬೀದರಿನ ಬಿದ್ರಿ ಕೆಲಸದ ಬಗ್ಗೆ ಒಂದು ಚಿಕ್ಕ ವಿಡಿಯೊ ಮಾಡುತ್ತಿದ್ದೇನೆ. ಕ್ಯಾಮೆರಾ ಹಳೆಯ ಕ್ಯಾನನ್ 700ಡಿ. ಅದರ ಜೊತೆ ಬಂದ ಕಿಟ್ ಲೆನ್ಸ್ ಬಿಟ್ಟರೆ ಕೈಯಲ್ಲಿದ್ದದ್ದು 50 ಎಂಎಂ ಎಫ್/1.8 ಎಸ್‌ಟಿಎಂ. ಫೋಟೊಗೆ ಅದು ಚಿನ್ನದಂಥ ಲೆನ್ಸ್. ಆದರೆ ಅದರ ಫೋಕಸ್ ರಿಂಗ್ ಮೋಟಾರಿನ ಮೂಲಕ ಕೆಲಸ ಮಾಡುತ್ತದೆ, ಎರಡೂ ತುದಿಯಲ್ಲಿ ತಡೆ ಇಲ್ಲ. ಉಳಿಯ ಮೊನೆಯಿಂದ, ಬಿದ್ರಿ ಕೆಲಸ ಮಾಡುವ ಚಾಚಾ ಅವರ ಕಣ್ಣಿಗೆ ಫೋಕಸ್ ಎಳೆದು, ಮತ್ತೆ ಅದೇ ಜಾಗಕ್ಕೆ ವಾಪಸ್ ಬರಬೇಕು ಅಂದರೆ ಗುರುತು ಹಾಕಿಕೊಳ್ಳಲು ಆಗುವುದಿಲ್ಲ.

ಅದಕ್ಕೇ ಹೀಲಿಯೋಸ್ 44-2 ಹಿಡಿದೆ. 58 ಎಂಎಂ, ಎಫ್/2, ಎಂ42 ತಿರುಪು, ಸೆಕೆಂಡ್ ಹ್ಯಾಂಡ್, 3,500 ರೂಪಾಯಿ. ಕ್ಯಾನನ್‌ಗೆ ಕೂರಿಸಲು ನಡುವೆ ಒಂದು ತೆಳು ಲೋಹದ ಬಳೆ, ಅಂದರೆ ಅಡಾಪ್ಟರ್, ತರಿಸಿದೆ. ಹೊಸದಾಗಿ ಕೊಳ್ಳುವವರು ಒಂದು ಮಾತು ನೆನಪಿಡಿ: ವಿಡಿಯೊಗಾದರೆ 44-2 ನೋಡಿ, 44ಎಂ ಬೇಡ. 44-2ರಲ್ಲಿ ಅಪರ್ಚರ್‌ಗೆ, ಅಂದರೆ ಬೆಳಕು ಬಿಡುವ ಕಿಂಡಿಗೆ, ಎರಡು ರಿಂಗ್ ಇವೆ. ಒಂದು ಕಟ್‌ಕಟ್ ಅಂತ ಮಿತಿ ಹೇಳುತ್ತದೆ, ಇನ್ನೊಂದು ಬೆಣ್ಣೆಯಂತೆ ಸದ್ದಿಲ್ಲದೆ ತಿರುಗುತ್ತದೆ. ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಬೆಳಕು ಏರಿಸಬಹುದು, ಇಳಿಸಬಹುದು. ಈ ಅನುಕೂಲ ನನ್ನ 50 ಎಂಎಂನಂಥ ಲೆನ್ಸ್‌ಗಳಲ್ಲಿ ಸಿಗುವುದಿಲ್ಲ.

ಮೊದಲ ದಿನ ಎಲ್ಲ ಚೆನ್ನಾಗಿತ್ತು. ಚಾಚಾ ಅವರ ಅಂಗಡಿಯಲ್ಲಿ ಅರ್ಧ ಮೀಟರ್ ದೂರದಿಂದ ಉಳಿ ತೆಗೆದೆ. ಕಿಂಡಿ ಪೂರ್ತಿ ತೆರೆದ ಎಫ್/2ರಲ್ಲಿ ಸುಮಾರು 5 ಮಿಲಿಮೀಟರ್ ಮಾತ್ರ ಫೋಕಸ್‌ನಲ್ಲಿ ಇರುತ್ತದೆ. ಉಳಿಯ ಮೊನೆ, ಎದ್ದು ಬರುವ ಸತುವಿನ ಚೂರು, ಅಷ್ಟೇ ಕಾಣುತ್ತದೆ. ಉಳಿದದ್ದೆಲ್ಲ ಕರಗಿ ಹೋಗುತ್ತದೆ. ನೋಡಿ ಮನಸ್ಸು ತುಂಬಿ ಬಂತು.

ಮರುದಿನ ಕೋಟೆ, ಮದರಸಾ ತೆಗೆಯಲು ಹೋದೆ. ಎಲ್ಲವೂ ಮಂಜು ಮಂಜು. ರಿಂಗ್ ತುದಿಗೆ ತಾಗಿದೆ, ಆದರೂ ಚೂಪಿಲ್ಲ. ಬಿಸಿಲ ಝಳ ಅಂದುಕೊಂಡು ಮುಂಜಾನೆ ಆರಕ್ಕೆ ಹೋದೆ. ಅದೇ ಕಥೆ. ಲೆನ್ಸ್ ಒಳಗೆ ಮಬ್ಬು ಇರಬಹುದು ಅಂತ ಟಾರ್ಚ್ ಹಾಕಿ ನೋಡಿದೆ. ಗಾಜು ಸ್ವಚ್ಛ. ಹುಮನಾಬಾದಿನ ಗೆಳೆಯನಿಗೆ ಫೋನ್ ಮಾಡಿದರೆ "ರಷ್ಯಾದ ಹಳೇ ಲೆನ್ಸ್ ಹಿಂಗೇ ಇರ್ತಾವಲೇ, ಬಿಡು" ಅಂದ. ಬಿಡಲು ಮನಸ್ಸು ಬರಲಿಲ್ಲ. ಹತ್ತಿರದಲ್ಲಿ ಅಷ್ಟು ಚೆನ್ನಾಗಿ ತೆಗೆದ ಗಾಜು ದೂರಕ್ಕೆ ಯಾಕೆ ಕೈಕೊಡುತ್ತದೆ?

ಪಕ್ಕದ ಮನೆಯ ಹುಡುಗನ ಕೈಗೆ ಒಂದು ಪೇಪರ್ ಕೊಟ್ಟು, ಓಣಿಯಲ್ಲಿ ಹಿಂದಕ್ಕೆ ನಡೆಯಲು ಹೇಳಿದೆ. ನಾನು ಫೋಕಸ್ ಹಿಂಬಾಲಿಸುತ್ತಾ ಹೋದೆ. ಐದು ಮೀಟರ್, ಎಂಟು, ಹನ್ನೆರಡು, ಅಕ್ಷರಗಳ ಅಂಚು ನೆಟ್ಟಗಿತ್ತು. ಹದಿನಾಲ್ಕರ ಹತ್ತಿರ ರಿಂಗ್ ತುದಿಗೆ ತಾಗಿತು. ಅಲ್ಲಿಂದ ಆಚೆ ಅವನು ನಡೆದಷ್ಟೂ ಮಂಜು.

ಲೆಕ್ಕ ಇಷ್ಟೇ. ಫೋಕಲ್ ಲೆಂತ್ ಅನ್ನು (ಈ ಲೆನ್ಸ್‌ನ 58 ಎಂಎಂ) ಅದರಿಂದಲೇ ಗುಣಿಸಿ, ಫೋಕಸ್ ನಿಂತ ದೂರದಿಂದ ಭಾಗಿಸಿದರೆ, ಲೆನ್ಸ್ ಎಷ್ಟು ಹೆಚ್ಚು ಮುಂದೆ ಕೂತಿದೆ ಅಂತ ಗೊತ್ತಾಗುತ್ತದೆ. 58 ಇಂಟು 58 ಅಂದರೆ 3,364. ಅದನ್ನು 14,000 ಮಿಲಿಮೀಟರ್‌ನಿಂದ ಭಾಗಿಸಿ: 0.24. ಎಂ42 ಲೆನ್ಸ್‌ಗೆ ತಿರುಪಿನ ಬುಡದಿಂದ ಸೆನ್ಸರ್‌ವರೆಗೆ 45.46 ಮಿಲಿಮೀಟರ್ ಬೇಕು, ನನ್ನ ಕ್ಯಾಮೆರಾದಲ್ಲಿರುವ ಕ್ಯಾನನ್ ಇಎಫ್ ಮೌಂಟ್‌ನಲ್ಲಿ 44 ಇದೆ. ಹಾಗಾದರೆ ಅಡಾಪ್ಟರ್ 1.46 ದಪ್ಪ ಇರಬೇಕು. ಲೇತ್ ಅಂಗಡಿಗೆ ಹೋಗಿ ವರ್ನಿಯರ್‌ನಲ್ಲಿ ಹಿಡಿಸಿದೆ. 1.70! ಓಣಿಯಲ್ಲಿ ನಡೆದ ಹುಡುಗ ಮತ್ತು ವರ್ನಿಯರ್ ಇಬ್ಬರೂ ಒಂದೇ ಉತ್ತರ ಕೊಟ್ಟರು.

(ನಿಕಾನ್ ಡಿಎಸ್‌ಎಲ್‌ಆರ್ ಇರುವವರಿಗೆ ಈ ದಾರಿಯೇ ಇಲ್ಲ. ಅಲ್ಲಿ 46.5 ಇದೆ, ಎಂ42ಕ್ಕಿಂತ ಜಾಸ್ತಿ. ಗಾಜಿಲ್ಲದ ಅಡಾಪ್ಟರ್‌ನಲ್ಲಿ ದೂರದ ಫೋಕಸ್ ಬರುವುದೇ ಇಲ್ಲ.)

ಅಡಾಪ್ಟರ್ ಮಾರಿದವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಡಬ್ಬಿಯ ಮೇಲೆ ದೂರದ ಫೋಕಸ್ ಗ್ಯಾರಂಟಿ ಅಂತ ಬರೆದಿದ್ದರು. ಬದಲಿ ಕೇಳಿದೆ, ಹತ್ತು ದಿನ ಕಾಯಿಸಿ ಇನ್ನೊಂದು ಕಳಿಸಿದರು. ಅದು 1.66! 450 ರೂಪಾಯಿಯ ವಸ್ತು ಅಂತ ಅಳತೆ ನೋಡದೆ ಕಳಿಸುವುದು ಸರಿಯಲ್ಲ. ಎಷ್ಟು ಜನ ಇದನ್ನೇ ಹಾಕಿಕೊಂಡು ಒಳ್ಳೆಯ ಲೆನ್ಸ್ ಬೈದು ಮೂಲೆಗೆ ಹಾಕಿದ್ದಾರೋ.

ಮೂರನೆಯದಕ್ಕೆ ಕಾಯದೆ ತಿಕ್ಕಲು ಕೂತೆ. ಕಿಟಕಿ ಗಾಜಿನ ಮೇಲೆ 400ರ ವಾಟರ್ ಪೇಪರ್ (ಮರಳು ಕಾಗದ) ಅಂಟಿಸಿ, ನೀರು ಹಾಕಿ, ಲೆನ್ಸ್ ಕೂರುವ ಮುಖವನ್ನು ಸುತ್ತಿ ಸುತ್ತಿ ತಿಕ್ಕಿದೆ. ಒಂದು ಗಂಟೆಗೆ 1.58. ಹಾಕಿ ನೋಡಿದರೆ ಚಿತ್ರದ ಎಡಭಾಗ ಮೊದಲಿಗಿಂತ ವಾಸಿ, ಬಲಭಾಗ ಇನ್ನೂ ಮಂಜು! ನಾಲ್ಕು ಕಡೆ ಅಳೆದರೆ ಒಂದು ಕಡೆ 1.50, ಎದುರು ಕಡೆ 1.58. ಬೆರಳಿನ ಒತ್ತಡ ಒಂದೇ ಕಡೆ ಬಿದ್ದು ಲೆನ್ಸ್ ವಾಲಿ ಕೂತಿತ್ತು.

ಚಾಚಾ ಮುಂದೆ ಇಟ್ಟೆ. "ಒಂದ್ ಕಡೆ ಜಾಸ್ತಿ ಹೋಗ್ಯಾದ್ರಿ ಚಾಚಾ" ಅಂದೆ. ಅವರು ಅಡಾಪ್ಟರನ್ನು ಕಣ್ಣ ಮಟ್ಟಕ್ಕೆ ಎತ್ತಿ ತಿರುಗಿಸಿದರು. "ತಮ್ಮಾ, ಮೊದ್ಲ ಮಸಿ ಹಚ್ಚು. ಎಲ್ಲಿ ಮಸಿ ಹೋಗ್ತದ ಅದು ಎತ್ತರ. ಎಲ್ಲಿ ಉಳೀತದ ಅದು ತಗ್ಗು. ನಾವು ಮೈಲುತುತ್ತ ಹಚ್ಚೂದಿಲ್ಲೇನು?" ಹೌದಲ್ವಾ! ಬಿದ್ರಿಯಲ್ಲಿ ಅರದಿಂದ ನುಣುಪು ಮಾಡಿದ ಸತುವಿಗೆ ಮೈಲುತುತ್ತದ ನೀರು ಬಳಿದು ಕಪ್ಪು ಮಾಡುತ್ತಾರೆ, ಗೀರಿದ ಗೆರೆ ಬೆಳ್ಳಗೆ ಕಾಣಲಿ ಅಂತ. ವಾರಗಟ್ಟಲೆ ಅದನ್ನೇ ವಿಡಿಯೊ ಮಾಡಿದ್ದೆ, ನನಗೆ ಹೊಳೆದಿರಲಿಲ್ಲ.

ಕಪ್ಪು ಮಾರ್ಕರ್ ಬಳಿದೆ. ಹತ್ತು ಸುತ್ತು ತಿಕ್ಕುವುದು, ನೋಡುವುದು. ಒಂದು ಕಡೆ ಅರ್ಧಚಂದ್ರದಂತೆ ಹೊಳೆಯಿತು, ಎದುರು ಕಡೆ ಮಸಿ ಹಾಗೇ ಇತ್ತು. ಹೊಳೆದ ಕಡೆಗೆ ಮಾತ್ರ ಬೆರಳು ಒತ್ತಿ ತಿಕ್ಕಿದೆ. ಮತ್ತೆ ಮಸಿ. ಅರ್ಧಚಂದ್ರ ನಿಧಾನಕ್ಕೆ ಪೂರ್ತಿ ಬಳೆಯಾಯಿತು. ಅಲ್ಲಿಂದ 800ರ ಪೇಪರ್. ಎರಡು ಸಂಜೆ ಹಿಡಿಯಿತು. ಈಗ ನಾಲ್ಕೂ ಕಡೆ 1.46. ನೀವು ಮಾಡುವುದಾದರೆ ಕೊನೆಗೆ ಸೋಪಿನ ನೀರಲ್ಲಿ ಬ್ರಷ್ ಹಾಕಿ ತೊಳೆಯಿರಿ. ಅಲ್ಯೂಮಿನಿಯಂ ಪುಡಿ ಕ್ಯಾಮೆರಾ ಒಳಗೆ ಹೋದರೆ ಸೆನ್ಸರ್‌ಗೆ ಕುತ್ತು.

ಈ ನಡುವೆ ಮುಂದಿನ ಹುಚ್ಚು ಹಿಡಿದಿದೆ: ನೌಬಾದಿನ ಕರೇಜ್. ನೆಲದಡಿಯ ಆ ನೀರಿನ ಸುರಂಗಕ್ಕೆ ಅಗಲ ಲೆನ್ಸ್ ಬೇಕು, ಬೆಳಕೂ ಕಡಿಮೆ. ಅಲ್ಲಿ ಹಳೆಯ ಲೆನ್ಸ್ ನಂಬಿ ಕೂರಲು ಆಗುವುದಿಲ್ಲ. ರಷ್ಯಾದ ಇನ್ನೊಂದು ಹಳೆಯ ಲೆನ್ಸ್, 37 ಎಂಎಂ ಮಿರ್ ಕೂಡ, ನಮ್ಮ ಕ್ಯಾಮೆರಾದ ಚಿಕ್ಕ ಸೆನ್ಸರ್‌ನಲ್ಲಿ (1.6 ಕ್ರಾಪ್) 59ರಷ್ಟು ಇಕ್ಕಟ್ಟಾಗಿಬಿಡುತ್ತದೆ. ಕ್ಯಾನನ್ 10-18 ಎಂಎಂ ಎಸ್‌ಟಿಎಂ ಅಗಲ ಇದೆ, ಆದರೆ ಎಫ್/4.5ರಿಂದ ಶುರು, ಬೆಳಕು ಸಾಲದು. 24 ಎಂಎಂ ಎಫ್/2.8 ಎಸ್‌ಟಿಎಂ ಕಡೆಗೆ ಮನಸ್ಸು ವಾಲಿದೆ. 16 ಸೆಂಟಿಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆ, ಕಲ್ಲಿನ ಮೇಲಿನ ಉಳಿ ಗುರುತು ತೆಗೆಯಬಹುದು. ಸೆಕೆಂಡ್ ಹ್ಯಾಂಡ್ ಯಾರ ಹತ್ತಿರವಾದರೂ ಇದ್ದರೆ ಹೇಳಿ.

ಅದಕ್ಕೂ ಮೊದಲು ಮಧ್ಯಾಹ್ನದ ಬಿಸಿಲಿಗೆ ಬೆಳಕು ತಗ್ಗಿಸುವ ಕಪ್ಪು ಗಾಜು, ಎನ್‌ಡಿ ಫಿಲ್ಟರ್ ಬೇಕು. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ 1/50ರಲ್ಲೇ ಇಡುತ್ತೇನೆ, ಹಾಗಿಟ್ಟರೆ ಅಂಗಡಿಯ ಟ್ಯೂಬ್‌ಲೈಟೂ ಮಿನುಗುವುದಿಲ್ಲ. ಹೀಲಿಯೋಸ್‌ಗೂ 50 ಎಂಎಂಗೂ ಫಿಲ್ಟರ್ ಕೂರುವ ತಿರುಪು 49 ಎಂಎಂ, 24ಕ್ಕೆ 52. ಅದಕ್ಕೆ ಒಂದೇ ದೊಡ್ಡ ಫಿಲ್ಟರ್ ತಗೊಂಡು ಅಳತೆ ಹೊಂದಿಸುವ ರಿಂಗ್ ಹಾಕುವ ಯೋಚನೆ.

ನಿನ್ನೆ ಮಿನಾರಿನ ಶಾಟ್ ಚಾಚಾಗೆ ತೋರಿಸಿದೆ. ಬಿಲ್ಲೆ ನೋಡಿ ತಲೆಯಾಡಿಸಿದರು. ಆಮೇಲೆ ಅಡಾಪ್ಟರ್ ಬಿಚ್ಚಿಸಿ, ಹೆಬ್ಬೆರಳಿನಿಂದ ಅದರ ಅಂಚು ಸವರಿ, "ಇಲ್ಲೊಂದ್ ಸಣ್ಣ ಗೀರ್ ಉಳಿದದ ನೋಡು" ಅಂದರು.