ಮೊಬಾಲಿಕ್ ಪಾ ಬಾ, ಡಾಕ್?

ಸೆಬುವಿನ ಆಸ್ಪತ್ರೆಗಳಲ್ಲಿ ಚಾರ್ಟ್ ಬರೆಯುವುದು ಇಂಗ್ಲಿಷಿನಲ್ಲಿ. ನೋವು ಹೇಳಿಕೊಳ್ಳುವುದು ಬಿಸಾಯಾದಲ್ಲಿ. ಫಿಲಿಪೈನ್ಸಿಗೆ ಮೆಡಿಕಲ್ ಓದಲು ಬಂದ ನಮ್ಮಂಥವರು ಇವೆರಡರ ನಡುವೆ ನಿಂತಿರುತ್ತೇವೆ. ತರಗತಿಯ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ, ಅಲ್ಲಿವರೆಗೆ ತೊಂದರೆ ಇಲ್ಲ. ಕ್ಲರ್ಕ್‌ಶಿಪ್, ಅಂದರೆ ಆಸ್ಪತ್ರೆ ತರಬೇತಿ, ಅಂತ ವಾರ್ಡಿಗೆ ಕಾಲಿಟ್ಟ ಮೇಲೆ ಬಿಸಾಯಾ ಬೇಕೇ ಬೇಕು. ಪುಸ್ತಕದಲ್ಲಿ ಸೆಬುವಾನೋ ಅನ್ನುವ ಭಾಷೆಗೆ ಜನ ಇಡುವ ಹೆಸರು ಬಿಸಾಯಾ. ಸೆಬು ಒಂದರಲ್ಲೇ ಅಲ್ಲ, ಪಕ್ಕದ ಬೊಹೋಲ್‌ನಲ್ಲೂ ದಕ್ಷಿಣಕ್ಕೆ ಮಿಂಡನಾವೋದ ದಾವಾವ್‌ವರೆಗೂ ಇದೇ ಮಾತು.

ನಾನು ಮೊದಲು ಕಲಿತ ಪದಗಳಲ್ಲಿ 'ಬಾಲಿಕ್' ಒಂದು. ವಾಪಸ್ ಬರುವುದು ಅಂತ ಅರ್ಥ. ಸೋಮವಾರ ಬನ್ನಿ ಅನ್ನಲು 'ಬಾಲಿಕ್ ಸಾ ಲುನೆಸ್'. ಬಂದರು ಅನ್ನಲು 'ಮಿಬಾಲಿಕ್', ಬರುತ್ತಾರೆ ಅನ್ನಲು 'ಮೊಬಾಲಿಕ್'. ಹೇಳಿದ್ದು ಕೇಳಿಸದಿದ್ದರೆ 'ಬಾಲಿಕಾ' ಅಂದರೆ ಸಾಕು, ಇನ್ನೊಂದು ಸಲ ಹೇಳುತ್ತಾರೆ. ಬಂದು ಬಿಟ್ಟು ಕಾಡುವ ಜ್ವರಕ್ಕೆ 'ಬಾಲಿಕ್-ಬಾಲಿಕ್'. ವಿದೇಶದಲ್ಲಿ ದುಡಿದು ಊರಿಗೆ ಬರುವವರು 'ಬಾಲಿಕ್‌ಬಾಯನ್'. ಕನ್ನಡದವರಿಗೆ ಇದು ಕಷ್ಟವಾಗಬಾರದು. ನಾವೂ 'ತಿರುಗಿ ಬಾ' ಅನ್ನುತ್ತೇವೆ, 'ತಿರುಗಿ ಹೇಳು' ಅಂತಲೂ ಅನ್ನುತ್ತೇವೆ. ತಿರುಗುವುದು, ಮರಳುವುದು, ಮತ್ತೊಮ್ಮೆ ಮಾಡುವುದು ಎಲ್ಲಾ ಒಂದೇ ಪದದಲ್ಲಿ ಕೂತುಬಿಟ್ಟಿವೆ. ವಾಕ್ಯ ಕಟ್ಟುವಾಗ ಮಾತ್ರ ತಲೆ ಪೂರ್ತಿ ತಿರುಗಿಸಿಕೊಳ್ಳಬೇಕು. ಬಿಸಾಯಾದಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ನಮ್ಮಲ್ಲಿ ಕೊನೆಗೆ. ಬಂದರು ಎಂದು ಶುರುಮಾಡಿ ಆಮೇಲೆ ಯಾರು ಎಂದು ಹೇಳಬೇಕು.

ಆ ಬೆಳಿಗ್ಗೆ ಗರ್ಭಿಣಿಯರ ಓಪಿಡಿಯಲ್ಲಿ ನನಗೆ ಡ್ಯೂಟಿ. ಗುಡ್ಡದ ಮೇಲಿನ ಊರಿಂದ ಒಬ್ಬಾಕೆ ತಾಯಿಯ ಜೊತೆ ಬಂದಿದ್ದಳು. ಚೊಚ್ಚಲು ಬಸಿರು, ಮೂವತ್ತಾರು ವಾರ. ಹಿಂದಿನ ಸ್ಕ್ಯಾನಿನಲ್ಲಿ ಮಗುವಿನ ತಲೆ ಮೇಲೆ, ಪೃಷ್ಠ ಕೆಳಗೆ. ಚಾರ್ಟಿನಲ್ಲಿ ದೊಡ್ಡದಾಗಿ 'ಬ್ರೀಚ್' ಎಂದು ಬರೆದಿತ್ತು. ಅವಳ ಬಾಯಲ್ಲಿ ಅದು 'ಸುಹಿ'. ಇಲ್ಲಿ ಕಾಲು ಮುಂದಾಗಿ ಹುಟ್ಟುವ ಮಗುವಿಗೂ ಅದೇ ಹೆಸರು, ಹಾಗೆ ಹುಟ್ಟಿದ ಮನುಷ್ಯನಿಗೆ ಜೀವನಪೂರ್ತಿ ಅದೇ ಹೆಸರು. ನಮ್ಮ ಕಡೆ ಹೆಂಗಸರು 'ಮಗು ಇನ್ನೂ ತಿರುಗಿಲ್ಲ' ಅನ್ನುತ್ತಾರೆ ನೋಡಿ, ಅದೇ ಆತಂಕ ಅವಳ ಮುಖದಲ್ಲೂ ಇತ್ತು.

ಮನೆಯಲ್ಲಿ ಏನು ಮಾಡುತ್ತಿದ್ದೆ ಅಂತ ನರ್ಸ್ ಕೇಳಿದರು. ದಿನಾ ಬೆಳಿಗ್ಗೆ 'ತುವಾದ್' ಮಾಡುತ್ತಿದ್ದಳಂತೆ. ಮಂಡಿಯೂರಿ, ಎದೆ ಚಾಪೆಗೆ ತಾಗಿಸಿ, ಸೊಂಟ ಎತ್ತಿ ಇರುವುದು. ಇಂಗ್ಲಿಷಿನಲ್ಲಿ ಇದಕ್ಕೆ ನೀ-ಚೆಸ್ಟ್ ಅಂತ ಎರಡು ಅಂಗಗಳ ಹೆಸರು ಜೋಡಿಸಬೇಕು. ಬಿಸಾಯಾದಲ್ಲಿ ಪುಟ್ಟ ಪದವೊಂದೇ ಸಾಕು. ತಲೆ ಕೆಳಗಾಗಿ ಬಿದ್ದರೆ 'ಬಾಲಿನ್ತುವಾದ್'. ಲಾಗ ಹೊಡೆದರೆ 'ಬಾಲಿನ್ತೋಂಗ್'. ಅಂಗಿ ಒಳಮಗ್ಗಲು ಹೊರಗಾದರೆ 'ಬಾಲಿ'. ಕಾಡಿನಲ್ಲಿ ದಾರಿ ತಪ್ಪಿದರೆ, ಅದು ಎಂಕಾಂತೋ ಎಂಬ ಕಾಡಿನ ಮಾಯಾಜೀವಿಗಳ ಆಟ ಎಂದು ನಂಬುವವರು ಅಂಗಿ ಬಿಚ್ಚಿ ಉಲ್ಟಾ ಹಾಕಿಕೊಳ್ಳುತ್ತಾರೆ, ಆಗ ದಾರಿ ಕಾಣುತ್ತದಂತೆ. ಆದರೆ ಆಸ್ಪತ್ರೆಯಲ್ಲಿ 'ಬಾಲಿ' ಕಿವಿಗೆ ಬಿದ್ದರೆ ಹುಷಾರಾಗಿರಬೇಕು. ಮೂಳೆ ಮುರಿಯುವುದಕ್ಕೂ ಬರೆಯುವಾಗ ಇದೇ ಅಕ್ಷರಗಳು. ಉಚ್ಚಾರದಲ್ಲಿ ಮಾತ್ರ ಒಂದು ಎಳೆಯಷ್ಟು ಫರಕು.

ಇಂಗ್ಲಿಷಿನ 'ರಿವರ್ಸ್' ಇಷ್ಟು ವಿಂಗಡಣೆ ಮಾಡುವುದಿಲ್ಲ. ಗಾಡಿ ಹಿಂದಕ್ಕೆ ಹೋದರೂ ರಿವರ್ಸ್, ನ್ಯಾಯಾಲಯದ ತೀರ್ಪು ಮಗುಚಿ ಬಿದ್ದರೂ ರಿವರ್ಸ್. ಆಪರೇಷನ್ ಮುಗಿದ ಮೇಲೆ ಸ್ನಾಯುಗಳಿಗೆ ಕೊಟ್ಟ ಮದ್ದಿನ ಪ್ರಭಾವ ಇಳಿಸುವುದೂ ರಿವರ್ಸಲ್ಲೇ. ಮಂಚದ ತಲೆಭಾಗ ಏರಿಸಿ ಕಾಲಿನ ಭಾಗ ಇಳಿಸಿದರೆ ಅದು 'ರಿವರ್ಸ್ ಟ್ರೆಂಡೆಲೆನ್‌ಬರ್ಗ್'. ಚಾರ್ಟಿಗೆ ಇದು ಅನುಕೂಲ, ಒಪ್ಪುತ್ತೇನೆ. ಆದರೆ ಏನು ತಿರುಗಿತು, ಹೇಗೆ ತಿರುಗಿತು ಅಂತ ಪದದಿಂದಲೇ ಗೊತ್ತಾಗುವ ಬಿಸಾಯಾದ ದಾರಿ ನನಗೆ ಜಾಸ್ತಿ ಇಷ್ಟ. ಕನ್ನಡವೂ ಹೀಗೇ ಅಲ್ವಾ? ದೋಸೆ ಮಗುಚುತ್ತೇವೆ, ಕೂಸು ಬೋರಲಾಗುತ್ತದೆ, ಸರ್ಕಾರ ಬುಡಮೇಲಾಗುತ್ತದೆ, ಅಂಗಿ ಉಲ್ಟಾ ಆಗುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕೂಸು ಕೂಡ ನಗುತ್ತದೆ.

ಹಿಂದಕ್ಕೆ ಹೋಗುವುದಕ್ಕೆ ಇವರು ಸ್ಪ್ಯಾನಿಷ್ ಪದವೊಂದನ್ನೂ ಇಟ್ಟುಕೊಂಡಿದ್ದಾರೆ. 1565ರಲ್ಲಿ ಸೆಬುವಿನಲ್ಲಿ ನೆಲೆ ಊರಿದ ಸ್ಪೇನಿನವರು 1898ರವರೆಗೆ ದೇಶ ಆಳಿದರು. ಅವರು ಬಿಟ್ಟುಹೋದ 'ಆತ್ರಾಸ್' ಇವತ್ತಿಗೂ ಬೀದಿಯಲ್ಲಿದೆ. ಜೀಪ್ನಿ ಅನ್ನುವ ಇಲ್ಲಿನ ಬಾಡಿಗೆ ಗಾಡಿ ಹಿಂದೆ ತೆಗೆಯುವಾಗ 'ಆತ್ರಾಸ್, ಆತ್ರಾಸ್' ಎಂದು ಕೂಗಿ ದಾರಿ ತೋರಿಸುತ್ತಾರೆ. ಒಪ್ಪಿಕೊಂಡ ಕೆಲಸದಿಂದ ಹಿಂದೆ ಸರಿದವನೂ 'ಮಿ-ಆತ್ರಾಸ್'.

ಸರಿ, ಓಪಿಡಿಗೆ ಬರೋಣ. ರೆಸಿಡೆಂಟ್ ಡಾಕ್ಟರು ಮೊದಲು ನನಗೇ ಹೊಟ್ಟೆ ನೋಡಲು ಹೇಳಿದರು. ಹೊಟ್ಟೆ ಮುಟ್ಟಿ ಮಗುವಿನ ಭಂಗಿ ಕಂಡುಹಿಡಿಯುವ ಲಿಯೋಪೋಲ್ಡ್ ಪರೀಕ್ಷೆಯಲ್ಲಿ ನಾಲ್ಕು ಹಂತ. ಮೊದಲನೆಯದರಲ್ಲಿ ಎರಡೂ ಅಂಗೈಗಳನ್ನು ಪಕ್ಕೆಲುಬಿನ ಕೆಳಗೆ, ಗರ್ಭಕೋಶದ ನೆತ್ತಿಯ ಮೇಲೆ ಇಡಬೇಕು. ತಲೆ ಅಲ್ಲಿದ್ದರೆ ಗಟ್ಟಿಯಾಗಿ, ಗುಂಡಗೆ ಸಿಗುತ್ತದೆ. ಮೆಲ್ಲಗೆ ತಟ್ಟಿದರೆ ಮೈಯಿಂದ ಬೇರೆಯಾಗಿ ಅಲ್ಲಾಡುತ್ತದೆ. ನನಗೆ ಸಿಕ್ಕಿದ್ದು ಮೆತ್ತಗಿತ್ತು, ಅಂಚು ಸ್ಪಷ್ಟವಿರಲಿಲ್ಲ, ತಟ್ಟಿದರೆ ಇಡೀ ಮೈ ಜೊತೆಗೇ ಸರಿಯುತ್ತಿತ್ತು. ಕೈ ಕೆಳಗೆ ತಂದೆ. ಕಿಬ್ಬೊಟ್ಟೆಯ ಮೇಲೆ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ ಗಟ್ಟಿಯಾದ ಗುಂಡು ಸಿಕ್ಕಿತು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಡಾಕ್ಟರು ಬಂದು ತಾವೂ ಕೈಯಿಟ್ಟು ನೋಡಿ, ಸ್ಕ್ಯಾನ್ ಪ್ರೋಬ್ ಇಟ್ಟರು. ಪರದೆಯ ಮೇಲೆ ತಲೆಬುರುಡೆಯ ಬಿಳಿ ಗೆರೆ, ಕೆಳಗಡೆಯೇ.

'ನಿತುಯೋಕ್ ನಾ' ಅಂದರು ನರ್ಸ್. ಸುತ್ತು ತಿರುಗಿಬಿಟ್ಟಿದೆ ಅಂತ. ಮಗು ತಾನಾಗಿ ತಿರುಗಿದ್ದಕ್ಕೆ 'ತುಯೋಕ್', ಇಲ್ಲಿ ಬಾಲಿಕ್ ಅಲ್ಲ. ಚಾರ್ಟಿನಲ್ಲಿ ನಾನು 'ಸ್ಪಾಂಟೇನಿಯಸ್ ವರ್ಷನ್' ಅಂತ ಬರೆದೆ. ಫೋನಿನ ಆಪ್‌ಗೆ ಹೊಸ ವರ್ಷನ್ ಬಂತು ಅನ್ನುವ ಅದೇ ಪದ. ಲ್ಯಾಟಿನ್ನಿನಲ್ಲಿ ತಿರುಗಿಸು ಅನ್ನುವ ಧಾತುವಿನಿಂದ ಬಂದದ್ದು, ರಿವರ್ಸಿಗೂ ಅದೇ ಬೇರು. ತಿರುಗಿದ ಮಗು ಮತ್ತೆ ಹಳೇ ಭಂಗಿಗೆ ಹೋದರೆ 'ರಿವರ್ಷನ್'. ಇಪ್ಪತ್ತೆಂಟನೇ ವಾರದಲ್ಲಿ ನಾಲ್ಕೈದರಲ್ಲಿ ಒಂದು ಮಗು ಉಲ್ಟಾ ಇರುತ್ತದೆ. ತಿಂಗಳು ತುಂಬುವ ಹೊತ್ತಿಗೆ ನೂರಕ್ಕೆ ಮೂರು ನಾಲ್ಕು ಮಾತ್ರ ಹಾಗೇ ಉಳಿಯುತ್ತವೆ. ಉಳಿದವು ಒಳಗೇ ಮಗುಚಿಕೊಳ್ಳುತ್ತವೆ. ಇವಳ ಮಗು ಹಾಗೇ ಇದ್ದಿದ್ದರೆ ಮುಂದಿನ ವಾರ ಹೊರಗಿನಿಂದ ಕೈಯಲ್ಲಿ ಒತ್ತಿ ತಿರುಗಿಸಲು ನೋಡುವ ಯೋಚನೆ ಡಾಕ್ಟರಿಗಿತ್ತು. ಅದು ಸುಮಾರು ಅರ್ಧ ಸಲ ಮಾತ್ರ ಫಲಿಸುತ್ತದೆ.

ಆಗ ಅವಳು ಕೇಳಿದಳು: 'ಮೊಬಾಲಿಕ್ ಪಾ ಬಾ, ಡಾಕ್?'

ನಾನು ಆ ವಾಕ್ಯದ ಮೇಲೇ ನಿಂತುಬಿಟ್ಟೆ. ಮಗು ಮತ್ತೆ ಹಿಂದಿನ ಹಾಗೆ ತಿರುಗುತ್ತದಾ ಅಂತಲೂ ಆಗಬಹುದು. ನಾನು ಮತ್ತೆ ಬರಬೇಕಾ ಅಂತಲೂ ಆಗಬಹುದು. ಯಾರು, ಏನು ಅಂತ ಅವಳು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವಳಿಗೆ ಎರಡೂ ಬೇಕಿತ್ತು. ಒಂದು ಸಲ ಬಂದು ಹೋಗಲು ಅವಳು ಬೈಕ್ ಹತ್ತಿ, ಜೀಪ್ನಿ ಬದಲಿಸಿ, ಗಂಡನ ಒಂದು ದಿನದ ಕೂಲಿ ಖರ್ಚು ಮಾಡಬೇಕು. ಡಾಕ್ಟರು ಸ್ಟೂಲ್ ಎಳೆದುಕೊಂಡು ಅವಳ ಎದುರು ಕೂತರು. ಮಗು ಹಿಂದಕ್ಕೆ ಹೋಗುವುದು ಅಪರೂಪ, ಆದರೆ ಆಗಬಹುದು, ಅದಕ್ಕೇ ನೀನು ಮುಂದಿನ ವಾರ ಬರಲೇಬೇಕು ಅಂದರು. ಎರಡೂ ಪ್ರಶ್ನೆಗೆ ಒಟ್ಟಿಗೆ ಉತ್ತರ. ಇಂಗ್ಲಿಷಿನಲ್ಲಿ ಯೋಚಿಸುವ ಡಾಕ್ಟರಾಗಿದ್ದರೆ ಒಂದನ್ನೇ ಕೇಳಿಸಿಕೊಂಡು ಕಳಿಸಿಬಿಡುತ್ತಿದ್ದರೇನೋ.

ನರ್ಸ್ ಆಮೇಲೆ ಎಲ್ಲವನ್ನೂ ನನಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಅನುವಾದಿಸುವುದಕ್ಕೆ ಬಿಸಾಯಾದಲ್ಲಿ 'ಹುಬಾದ್' ಅನ್ನುತ್ತಾರೆ. ಗಂಟು ಬಿಚ್ಚುವುದಕ್ಕೂ ಅದೇ ಪದ.

ಅವಳ ತಾಯಿ ಇಷ್ಟು ಹೊತ್ತೂ ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದರು. ಮಗು ತಿರುಗಿತು ಅಂದಾಗ ಶಿಲುಬೆ ಗುರುತು ಮಾಡಿಕೊಂಡರು. ಆಮೇಲೆ 'ಸಾಯಾಂಗ್' ಅಂದರು. ಛೆ, ಕೈತಪ್ಪಿತು ಅಂತ. ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡರೆ ಸುಹಿಯಾಗಿ ಹುಟ್ಟಿದವರು ಕೈಯಾಡಿಸಿದರೆ ಇಳಿಯುತ್ತದೆ ಎಂಬ ನಂಬಿಕೆ ಇಲ್ಲಿ ಮನೆಮನೆಯಲ್ಲೂ ಇದೆ. ಅವರ ಓಣಿಯಲ್ಲಿ ಅಂಥ ಮುದುಕರೊಬ್ಬರಿದ್ದರಂತೆ, ತೀರಿಕೊಂಡರಂತೆ. ಹೇಗೆ ಮಾಡುತ್ತಿದ್ದರು ಅಂತ ಕೇಳಿದೆ. ಚೀಲ ಕೆಳಗಿಟ್ಟು, ನನ್ನ ಗದ್ದ ಎತ್ತಿ ಹಿಡಿದು, ಎರಡು ಬೆರಳಿಂದ ಗಂಟಲ ಮೇಲಿಂದ ಕೆಳಕ್ಕೆ ನಿಧಾನಕ್ಕೆ ಸವರಿ ತೋರಿಸಿದರು. ಮಗಳು 'ನಾಯ್!', ಅಂದರೆ ಅಮ್ಮಾ, ಎಂದು ಗದರಿ, ಅವರ ಕೈ ಹಿಡಿದು ಎಳೆದುಕೊಂಡು ಹೊರಟಳು.