ಗಟ್ಟಿಯಾಗಲು ಒಪ್ಪದ ಶಾಫ್ಟು

ಉಕ್ಕಿನ ಗಡಸುತನ ಅಳೆಯುವ ರಾಕ್‌ವೆಲ್ ಯಂತ್ರದ ಮುಳ್ಳು 55ರ ಹತ್ತಿರ ನಿಲ್ಲಬೇಕಿತ್ತು, 43ಕ್ಕೆ ನಿಂತಿತು. ತುಸು ಪಕ್ಕಕ್ಕೆ ಸರಿಸಿ ಒತ್ತಿದರೆ 51, ತಿರುಗಿಸಿ ಒತ್ತಿದರೆ 46. ಪೂರ್ತಿ ಮೆತ್ತಗೆ ಬಂದಿದ್ದರೆ ಇಷ್ಟು ತಲೆಬಿಸಿ ಇರುತ್ತಿರಲಿಲ್ಲ. ಪವರ್ ಕಡಿಮೆ ಆಗಿರುತ್ತದೆ, ಇಲ್ಲವೇ ನೀರಿನ ಒತ್ತಡ ಬಿದ್ದಿರುತ್ತದೆ. ಒಂದೇ ಶಾಫ್ಟು ಹೀಗೆ ಮನಸ್ಸಿಗೆ ಬಂದ ಅಂಕಿ ಕೊಟ್ಟರೆ ಯಾರನ್ನು ಕೇಳುವುದು? ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸಿ ಪಾಸು ಮಾಡುವ ಕೆಲಸ ನನ್ನದು. ನಾಲ್ಕು ಶಾಫ್ಟು ಚೀಲಕ್ಕೆ ಹಾಕಿಕೊಂಡು, ನಮಗೆ ಇಂಡಕ್ಷನ್ ಹಾರ್ಡನಿಂಗ್ ಮಾಡಿಕೊಡುವ ಶೆಡ್ಡಿಗೆ ಹೊರಟೆ.

ಆ ಕೆಲಸ ಎಷ್ಟು ಸಲ ನೋಡಿದರೂ ನನಗೆ ಬೇಜಾರು ಬರುವುದಿಲ್ಲ. ತಾಮ್ರದ ಕಾಯಿಲಿನ ನಡುವೆ ಶಾಫ್ಟು ನೆಟ್ಟಗೆ ನಿಂತಿರುತ್ತದೆ, ಕಾಯಿಲು ಅದನ್ನು ಮುಟ್ಟುವುದೂ ಇಲ್ಲ. 10 ಕಿಲೋಹರ್ಟ್ಸ್ ವಿದ್ಯುತ್ ಹರಿಸಿದರೆ ಉಕ್ಕಿನ ಹೊರಮೈಯಲ್ಲೇ ವಿದ್ಯುತ್ ಹುಟ್ಟಿ, ಕೆಲವೇ ಸೆಕೆಂಡಿನಲ್ಲಿ ಅಷ್ಟು ಭಾಗ 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬೆನ್ನಿಗೇ ಪಾಲಿಮರ್ ಬೆರೆಸಿದ ನೀರು ಚಿಮ್ಮುತ್ತದೆ. ಒಳಗಿನ ತಿರುಳಿಗೆ ಅಷ್ಟರಲ್ಲಿ ಸುದ್ದಿಯೂ ತಲುಪಿರುವುದಿಲ್ಲ. ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಉಕ್ಕಿನ ಹರಳುಗಳು ದಪ್ಪಗಾಗುತ್ತವೆ, ಮೈ ಸಿಪ್ಪೆ ಏಳುತ್ತದೆ, ಉದ್ದನೆಯ ಶಾಫ್ಟು ಬಾಗುತ್ತದೆ. ಇಲ್ಲಿ ಹರಳು ಬೆಳೆಯಲು ಹೊತ್ತೇ ಸಿಗದೆ ಸಣ್ಣದಾಗಿ ಉಳಿಯುತ್ತದೆ. ಸಣ್ಣ ಹರಳಿನ ಉಕ್ಕಿಗೆ ಬಲವೂ ಹೆಚ್ಚು, ತಾಳಿಕೆಯೂ ಹೆಚ್ಚು. ತಣಿದ ಹೊರಪದರ ಮಾರ್ಟೆನ್ಸೈಟ್ ಎಂಬ ತುಂಬ ಗಟ್ಟಿಯಾದ ರೂಪಕ್ಕೆ ತಿರುಗುವಾಗ ಹಿಗ್ಗಲು ನೋಡುತ್ತದೆ, ಒಳಗಿನ ತಿರುಳು ಬಿಡುವುದಿಲ್ಲ. ಹಾಗಾಗಿ ಮೇಲ್ಮೈ ಸದಾ ಒತ್ತಿ ಹಿಡಿದ ಸ್ಥಿತಿಯಲ್ಲಿರುತ್ತದೆ, ಬಿರುಕು ಬಾಯಿ ಬಿಡುವುದು ಕಷ್ಟ. ತಿರುಗುತ್ತಲೇ ಇರಬೇಕಾದ ಶಾಫ್ಟಿಗೆ ಇದಕ್ಕಿಂತ ಇನ್ನೇನು ಬೇಕು?

ಯಂತ್ರದ ಮುಂದಿದ್ದವರು ಬಾಗಲಕೋಟೆ ಕಡೆಯವರು, ಕೂದಲೆಲ್ಲ ನರೆತಿದೆ. ನಾನು ಮಾತು ಶುರು ಮಾಡುವ ಮೊದಲೇ ಹೇಳಿದರು: "ಕಾಯಿಲ್ ಅದ ಐತಿ, ಪವರ್ ಅಷ್ಟ ಐತಿ. ನಿಮ್ಮ ಮಾಲ ಬ್ಯಾರೆ ಬಂದೈತಿ ನೋಡ್ರಿ ಸರ."

"ಇಲ್ಲ ಯಜಮಾನ್ರೇ, ಅದೇ ಇಎನ್8 ಉಕ್ಕು. ಕಾರ್ಬನ್ ಶೇಕಡಾ 0.41 ಇದೆ, ಸರ್ಟಿಫಿಕೇಟ್ ನೋಡಿ."

"ಕಾಗದ ನೀವ ಇಟ್ಕೋರಿ. ಕೆಂಪ ಆಗೂದ ಬ್ಯಾರೆ ಐತಿ."

ಕೆಂಪು ಹೇಗೆ ಬೇರೆ ಎಂದು ಅವರೂ ಬಿಡಿಸಿ ಹೇಳಲಿಲ್ಲ, ನನಗೂ ಕಾಣಲಿಲ್ಲ. ಹತ್ತಿರದ ಲ್ಯಾಬಿನಲ್ಲಿ ಒಂದು ಶಾಫ್ಟು ಅಡ್ಡ ಕೊಯ್ಸಿ, ಎಮರಿ ಕಾಗದದಲ್ಲಿ ಉಜ್ಜಿ, ಪಾಲಿಶ್ ಮಾಡಿ, ನೈಟಾಲ್ (ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್) ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಗಟ್ಟಿಯಾಗಬೇಕಿದ್ದ ಪದರದಲ್ಲಿ ಕಪ್ಪು ಮಾರ್ಟೆನ್ಸೈಟಿನ ನಡುನಡುವೆ ಬಿಳಿ ತೇಪೆಗಳು. ಫೆರೈಟ್, ಅಂದರೆ ಕಾರ್ಬನ್ ಇಲ್ಲದಂಥ ಮೆತ್ತನೆಯ ಕಬ್ಬಿಣ! 900 ಡಿಗ್ರಿ ಕಂಡು ಬಂದರೂ ಅದು ರೂಪ ಬದಲಿಸದೆ ಹಾಗೇ ಉಳಿದುಕೊಂಡಿತ್ತು.

ಲ್ಯಾಬಿನ ಮೇಡಂ ತಿರುಳಿನ ಭಾಗ ತೋರಿಸಿದ ಮೇಲೆ ಗುಟ್ಟು ರಟ್ಟಾಯಿತು. ಅಲ್ಲಿ ದೊಡ್ಡ ದೊಡ್ಡ ಫೆರೈಟ್ ತುಂಡು, ಪಕ್ಕದಲ್ಲಿ ಕಾರ್ಬನ್ ಸೇರಿಕೊಂಡಿರುವ ಪರ್ಲೈಟ್. ನಮಗೆ ಹಿಂದೆಲ್ಲ ಬರುತ್ತಿದ್ದುದು ಹಾರ್ಡನ್ ಮಾಡಿ (ಕಾಯಿಸಿ ತಟ್ಟನೆ ತಣಿಸಿ) ಟೆಂಪರ್ ಮಾಡಿದ (ಮತ್ತೆ ಹದವಾಗಿ ಕಾಯಿಸಿದ) ಬಾರ್. ಅದರಲ್ಲಿ ಕಾರ್ಬನ್ ಪುಡಿಪುಡಿ ಕಾರ್ಬೈಡ್ (ಕಬ್ಬಿಣ, ಕಾರ್ಬನ್ ಕೂಡಿದ ಕಣ) ಆಗಿ ಎಲ್ಲೆಡೆ ಹರಡಿರುತ್ತದೆ. ಈ ಲಾಟು ಅನೀಲ್ ಮಾಡಿದ್ದು, ಅಂದರೆ ಕಾಯಿಸಿ ನಿಧಾನವಾಗಿ ತಣಿಸಿದ್ದು. ಕಾರ್ಬನ್ನೆಲ್ಲ ಪರ್ಲೈಟಿನಲ್ಲಿ ಗುಡ್ಡೆ ಬಿದ್ದಿದೆ, ಫೆರೈಟಿನಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬಿಸಿಯಾದಾಗ ಆ ಕಾರ್ಬನ್ ಫೆರೈಟ್ ತುಂಡಿನ ಆ ತುದಿಯವರೆಗೂ ನಡೆದು ಹೋಗಬೇಕು. ದೂರ ಹತ್ತು ಪಟ್ಟಾದರೆ ಬೇಕಾಗುವ ಹೊತ್ತು ನೂರು ಪಟ್ಟು. ಗಂಟೆಗಟ್ಟಲೆ ಕಾಯಿಸುವ ಕುಲುಮೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಕಾಯಿಲಿನೊಳಗಿನ ಆ ಕೆಲವು ಸೆಕೆಂಡಿನಲ್ಲಿ ಗೊತ್ತಾಗಿಬಿಡುತ್ತದೆ. ಕಾರ್ಬನ್ ತಲುಪದ ಜಾಗಕ್ಕೆ ಎಷ್ಟೇ ನೀರು ಹೊಡೆದರೂ ಅದು ಗಟ್ಟಿಯಾಗುವುದಿಲ್ಲ.

ಸರ್ಟಿಫಿಕೇಟ್ ಮತ್ತೆ ತೆಗೆದೆ. ಕಾರ್ಬನ್, ಮ್ಯಾಂಗನೀಸ್, ಗಂಧಕ, ರಂಜಕ ಎಲ್ಲ ಸರಿ. ತೀರಾ ಕೆಳಗಿನ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ 'ಅನೀಲ್ಡ್' ಎಂದಿತ್ತು. ಉಕ್ಕು ಎಂದರೆ ರಾಸಾಯನಿಕ ಅಂಕಿಗಳ ಪಟ್ಟಿ ಅಂತಲೇ ನಮ್ಮ ಪರ್ಚೇಸ್‌ನವರು ತಿಳಿದಿದ್ದಾರೆ, ಅಂಥ ಸಾಲಿನತ್ತ ಅವರು ಕಣ್ಣೂ ಹಾಯಿಸುವುದಿಲ್ಲ. ಮನೆ ಕಟ್ಟುವ ಟಿಎಂಟಿ ಕಂಬಿಯನ್ನೇ ನೋಡಿ. ಅದರ ಹೊರಗಿನ ಗಟ್ಟಿ ಉಂಗುರ, ಒಳಗಿನ ಬಾಗುವ ತಿರುಳು ಎರಡರದ್ದೂ ರಾಸಾಯನಿಕ ಒಂದೇ, ತಣಿದ ವೇಗ ಮಾತ್ರ ಬೇರೆ.

ಟರ್ನ್ ಮಾಡಿ ಮುಗಿಸಿದ್ದ ಶಾಫ್ಟುಗಳನ್ನು ಏನು ಮಾಡುವುದು? ಮತ್ತೆ ಕುಲುಮೆಗೆ ಹಾಕಿದರೆ ಬಾಗುತ್ತವೆ, ಗ್ರೈಂಡಿಂಗ್‌ಗೆ ಬಿಟ್ಟ ಅಳತೆ ಸಾಲುವುದಿಲ್ಲ. ಸಂಜೆ ಯಜಮಾನರು ಕಾಯಿಲಿನೊಳಗೆ ಶಾಫ್ಟಿನ ಓಟ ನಿಧಾನ ಮಾಡಿ ಒಂದನ್ನು ಇಳಿಸಿದರು. ಹೆಚ್ಚು ಕಾವು, ಹೆಚ್ಚು ಹೊತ್ತು. ಈ ಸಲ 54 ಬಂತು, ಸುತ್ತಲೂ ಒಂದೇ ಸಮ. ಆದರೆ ಎರಡು ಮಿಲಿಮೀಟರ್ ಸಾಕಿದ್ದ ಗಟ್ಟಿ ಪದರ ಮೂರು ದಾಟಿತು, ಡಯಲ್ ಇಟ್ಟು ತಿರುಗಿಸಿದರೆ ಶಾಫ್ಟು ಸೊಟ್ಟಗಿತ್ತು. ಕೀವೇ, ಅಂದರೆ ಕೀಲಿ ಕೂರಲು ಶಾಫ್ಟಿನಲ್ಲಿ ಕೊರೆದ ಕಾಲುವೆಯ ಮೂಲೆಯಲ್ಲಿ ಬಿರುಕು ಬರಬಹುದೆಂಬ ಭಯ ಬೇರೆ. ತಡಮಾಡದೆ ಎಲ್ಲವನ್ನೂ 180 ಡಿಗ್ರಿಯಲ್ಲಿ ಟೆಂಪರ್ ಮಾಡಿಸಿ, ಪ್ರೆಸ್ಸಿನಲ್ಲಿ ಒಂದೊಂದನ್ನೇ ನೆಟ್ಟಗೆ ಮಾಡಬೇಕಾಯಿತು. ವೇಗದಿಂದ ಉಳಿಸಿದ್ದನ್ನೆಲ್ಲ ಅಲ್ಲಿ ಕಳೆದೆವು.

ಕೊಯ್ಯದೆ ಉಳಿದಿದ್ದ ಬಾರ್‌ಗಳು ಮೊದಲು ಹಾರ್ಡನಿಂಗ್, ಟೆಂಪರಿಂಗ್‌ಗೆ ಹೋದವು. ಕಿಲೋ ಲೆಕ್ಕದಲ್ಲಿ ಅದಕ್ಕೆ ಬಿದ್ದ ದುಡ್ಡಿಗೆ ಪರ್ಚೇಸ್‌ನವರು ನನ್ನ ಮೇಲೆ ಗುರುಗುಟ್ಟಿದರು. ಈಗ ಆರ್ಡರ್ ಕಾಗದದಲ್ಲಿ ಬಾರ್ ಯಾವ ಸ್ಥಿತಿಯಲ್ಲಿ ಬರಬೇಕು ಎಂಬುದಕ್ಕೂ ಒಂದು ಸಾಲಿದೆ. ನಮ್ಮ ಟರ್ನರ್ ಮಾತ್ರ ಇವತ್ತಿಗೂ ಆ ಕೆಟ್ಟ ಲಾಟನ್ನೇ ಹೊಗಳುತ್ತಾನೆ: "ಎಷ್ಟು ಚೆನ್ನಾಗಿ ಕಟ್ ಆಗ್ತಿತ್ತು ಸಾರ್, ಟೂಲೇ ಸವೀತಿರಲಿಲ್ಲ!"