ಬಿಟ್ಟ ನೀರು, ಬಂದ ನೀರು

"ನೀವು ಬಿಟ್ಟಿದ್ದು ಬರ್ಕೊಂಡಿದ್ದೀರಿ ಸಾರ್. ನಾನು ಬಂದಿದ್ದು ಬರ್ಕೊಂಡಿದ್ದೀನಿ."

ಭಾನುವಾರದಿಂದ ಈ ಮಾತು ನನ್ನ ಕಿವಿಯಲ್ಲೇ ಇದೆ. ಹೇಳಿದ್ದು ನಮ್ಮ ಬೀದಿಯ ಕೊನೇ ಮನೆ ಅಕ್ಕ. ಕೈಯಲ್ಲಿ ಕಿರಾಣಿ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಕ್ಯಾಲೆಂಡರ್ ಇತ್ತು. ಗೋಡೆಯಿಂದ ಹಾಗೇ ತೆಗೆದುಕೊಂಡು ಬಂದಿದ್ದರು, ದಾರ ನೇತಾಡುತ್ತಿತ್ತು.

ನೀರಿನ ತೊಂದರೆ ಬಗ್ಗೆ ಮಾತಾಡೋಣ ಅಂತ ಬೀದಿಯವರೆಲ್ಲ ನಮ್ಮ ಮನೆ ಮುಂದೆ ಸೇರಿದ್ದೆವು. ನೀರಿನ ಕಡೆಯ ಇಂಜಿನಿಯರ್ ಒಬ್ಬರು ಬಂದಿದ್ದರು. ಚಿಕ್ಕ ವಯಸ್ಸು. ರಜೆಯ ದಿನ ಕರೆದರೂ ಬಂದರಲ್ಲ, ಅದಕ್ಕೇ ನನಗೆ ಅವರ ಮೇಲೆ ಗೌರವ. ಜೊತೆಗೆ ನಮ್ಮ ನೀರುಗಂಟಿ. ಎಷ್ಟು ಕರೆದರೂ ಅವರು ಕುರ್ಚಿಯಲ್ಲಿ ಕೂರಲಿಲ್ಲ. ಗೇಟಿನ ಹತ್ತಿರವೇ ನಿಂತಿದ್ದರು. ನಮ್ಮ ಬೀದಿಗೆ ಇಷ್ಟು ವರ್ಷ ನೀರು ಬಿಟ್ಟ ಮನುಷ್ಯ. ಅವರಿಗೆ ಕಾಫಿ ಕೊಡಬೇಕು ಅಂತ ನನಗೂ ಹೊಳೆದಿದ್ದು ಅವತ್ತೇ.

ಎಲ್ಲರಿಗಿಂತ ಜಾಸ್ತಿ ಮಾತಾಡಿದವರು ಮೂರನೇ ಮನೆಯ ರಿಟೈರ್ಡ್ ಮೇಷ್ಟ್ರು. ತೆರಿಗೆ ಕಟ್ಟುತ್ತೇವೆ, ನೀರು ಕೊಡಿ ಅಂತ ಮೇಜು ಕುಟ್ಟಿದರು. ಅವರ ಮನೆಯಲ್ಲಿ ಎರಡು ಸಂಪು ಇವೆ. ಒಳ್ಳೆಯವರೇ, ಕಷ್ಟ ಅಂದರೆ ಮೊದಲು ಓಡಿ ಬರುತ್ತಾರೆ. ನೀರಿನ ವಿಷಯದಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯ.

ಇಂಜಿನಿಯರ್ ಸಿಟ್ಟು ಮಾಡಿಕೊಳ್ಳಲಿಲ್ಲ. ರಿಜಿಸ್ಟರ್ ತೆಗೆದು ತೋರಿಸಿದರು. ಎರಡು ದಿನಕ್ಕೊಮ್ಮೆ, ಬೆಳಿಗ್ಗೆ ಆರು ಗಂಟೆಗೆ, ಒಂದೂವರೆ ಗಂಟೆ. ಪ್ರತಿ ಸಾಲಿನ ಮುಂದೆ ನೀರುಗಂಟಿಯ ಸಹಿ. ಆ ತಿಂಗಳಲ್ಲಿ ತಪ್ಪಿದ್ದು ಒಂದೇ ದಿನ, ಅದೂ ಕರೆಂಟ್ ಹೋಗಿ ಪಂಪ್ ನಿಂತಿದ್ದಕ್ಕೆ. "ನಿಮ್ಮ ಬೀದಿಗೆ ಸರಿಯಾಗೇ ಬಿಡ್ತಿದ್ದೀವಿ" ಅಂದರು.

ಆಗಲೇ ಅಕ್ಕ ಎದ್ದು ನಿಂತಿದ್ದು. ಜೋರಾಗಿ ಮಾತಾಡಲಿಲ್ಲ. ರಿಜಿಸ್ಟರ್ ಪಕ್ಕದಲ್ಲಿ ಕ್ಯಾಲೆಂಡರ್ ಇಟ್ಟು ಆ ಮಾತು ಹೇಳಿದರು.

ಪ್ರತಿ ಚೌಕದಲ್ಲಿ ಹಾಲಿನ ಗೀಟು. ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ನೀರಿನ ಲೆಕ್ಕ. 6.50ರಿಂದ 7.05, ನಾಲ್ಕು ಕೊಡ. 7.10, ಎರಡು ಕೊಡ. ಐದು ಕಡೆ ಸುಮ್ನೆ ಒಂದು ಸೊನ್ನೆ. ಅಕ್ಕ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್‌ಗೆ ಕೆಲಸಕ್ಕೆ ಹೋಗುತ್ತಾರೆ. ನೀರಿಗೆ ಕಾದು ತಡವಾದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಆ ದಿನಗಳಿಗೂ ಒಂದು ಗುರುತು ಹಾಕಿದ್ದರು. ಸೊನ್ನೆಯ ಪಕ್ಕದಲ್ಲೇ ಜಾಸ್ತಿ ಇದ್ದವು.

ಇಂಜಿನಿಯರ್ ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ತುಂಬಾ ಹೊತ್ತು ನೋಡಿದರು. ರಿಜಿಸ್ಟರ್ ಸುಳ್ಳಲ್ಲ. ಆರು ಗಂಟೆಗೆ ವಾಲ್ವ್ ತಿರುಗಿಸುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಕ್ಯಾಲೆಂಡರೂ ಸುಳ್ಳಲ್ಲ. ಹಾಗಾದರೆ ನಡುವೆ ನೀರು ಎಲ್ಲಿಗೆ ಹೋಯಿತು?

ಗೇಟಿನ ಹತ್ತಿರ ನಿಂತಿದ್ದ ನೀರುಗಂಟಿ ಏನೂ ಹೇಳಲಿಲ್ಲ. ನನ್ನ ಸಂಪಿನ ಕಡೆ ನೋಡಿದರು ಅಷ್ಟೇ. ಮುಚ್ಚಳದ ಪಕ್ಕದಲ್ಲಿ ನನ್ನ ಅರ್ಧ ಎಚ್‌ಪಿ ಮೋಟರ್ ಇದೆ. ನಲ್ಲಿ ಲೈನಿಗೇ ಕೊಟ್ಟಿರುವ ಮೋಟರ್.

ಲೈನಿಗೆ ಮೋಟರ್ ಹಾಕಿ ಎಳೆಯುವುದು ತಪ್ಪು ಅಂತ ನನಗೆ ಗೊತ್ತಿತ್ತು. ಎಲ್ಲರೂ ಹಾಕಿದ್ದಾರೆ, ನಾನೊಬ್ಬ ಬಿಟ್ಟರೆ ನಮ್ಮ ಮನೆಗೇ ಬರಲ್ಲ ಅಂತ ಐದು ವರ್ಷದ ಹಿಂದೆ ನಾನೂ ಹಾಕಿಸಿದೆ. ಹದಿನಾಲ್ಕು ಮನೆಯಲ್ಲಿ ಹನ್ನೊಂದು ಮೋಟರ್. ನಮ್ಮ ಬೀದಿ ದಿಬ್ಬ ಹತ್ತುತ್ತದೆ, ಅಕ್ಕನ ಮನೆ ತುದಿಯಲ್ಲಿದೆ. ಪೈಪಿನ ಕೊನೆಯೂ ಅದೇ, ಎತ್ತರವೂ ಅದೇ. ನಾವು ಹನ್ನೊಂದು ಮನೆಯವರು ಎಳೆದು ಮುಗಿಸುವವರೆಗೆ ಅಲ್ಲಿಗೆ ನೀರು ಹತ್ತುವುದಿಲ್ಲ. ಐದು ವರ್ಷ ನಾನು ಹೇಳುತ್ತಾ ಬಂದಿದ್ದು ಏನು ಗೊತ್ತಾ? "ಪಾಪ, ಅವರ ಮನೆ ಎತ್ತರದಲ್ಲಿದೆ." ದಿಬ್ಬದ ಮೇಲೆ ತಪ್ಪು ಹೊರಿಸಿದ್ದೆ.

ಇಂಜಿನಿಯರ್ ಇನ್ನೊಂದು ಮಾತು ಹೇಳಿದರು. ನೀರು ನಿಂತಾಗ ಪೈಪು ಖಾಲಿ ಆಗುತ್ತದೆ. ಮೋಟರ್ ಎಳೆದಾಗ ಒಳಗಿನ ಒತ್ತಡ ಬಿದ್ದುಹೋಗುತ್ತದೆ. ಎಲ್ಲಾದರೂ ಜಾಯಿಂಟ್ ಸಡಿಲ ಇದ್ದರೆ ಸುತ್ತಲಿನ ಚರಂಡಿ ನೀರನ್ನೂ ಪೈಪು ಹೀರಿಕೊಳ್ಳುತ್ತದೆ. ನೀರಿಗೆ ಹಾಕಿದ ಕ್ಲೋರಿನ್ ದಾರಿಯುದ್ದಕ್ಕೂ ಕಡಿಮೆಯಾಗುತ್ತಾ ಹೋಗುತ್ತದೆ. ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು ಅನ್ನುವುದು ನಿಯಮ. ಕೊನೇ ಮನೆಗೆ ನೀರೂ ಕಡಿಮೆ, ಕ್ಲೋರಿನ್ನೂ ಕಡಿಮೆ. ಅಕ್ಕನ ಮೊಮ್ಮಗಳಿಗೆ ಹೋದ ಮಳೆಗಾಲದಲ್ಲಿ ವಾಂತಿ ಭೇದಿ ಆಗಿ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಎಂಥ ಊರಿನಲ್ಲಿ ಕೂತು ನಾವು ನೀರಿಗೆ ಹೀಗೆ ಕಿತ್ತಾಡುತ್ತಿದ್ದೇವೆ! ತುಂಗಾ, ಭದ್ರಾ, ಹೇಮಾವತಿ ಹುಟ್ಟುವುದು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ. ಯಗಚಿ ಹುಟ್ಟುವುದು ಇಲ್ಲೇ ಬಾಬಾಬುಡನ್‌ಗಿರಿ ಸಾಲಿನಲ್ಲಿ. ಅದು ಇಳಿದು ಬೇಲೂರಿನ ಕಡೆ ಹೋಗುತ್ತದೆ. ಅಲ್ಲಿ ಅಣೆಕಟ್ಟಿನಲ್ಲಿ ನಿಂತ ನೀರನ್ನು ನಾವು ಪಂಪ್ ಮಾಡಿ ಮತ್ತೆ ಮೇಲಕ್ಕೆ ತರಿಸಿಕೊಳ್ಳುತ್ತೇವೆ. ಮೊದಲೆಲ್ಲ ಊರಿಗೆ ನೀರು ಕೊಡಲು ಹಿರೇಕೊಳಲೆ ಕೆರೆ ಇತ್ತಲ್ಲ, ಈಗಲೂ ಇದೆ, ಆದರೆ ಊರು ಅಷ್ಟಕ್ಕೇ ನಿಂತಿಲ್ಲ. 2011ರ ಜನಗಣತಿಯಲ್ಲೇ ನಾವು 1.18 ಲಕ್ಷ ಜನ. ಆಮೇಲೆ ಎಷ್ಟು ಬಡಾವಣೆ, ಎಷ್ಟು ಹೋಂಸ್ಟೇ! ನಮ್ಮ ಬೀದಿಯಲ್ಲೇ ಎರಡಾಗಿವೆ. ಅಷ್ಟು ದೂರದಿಂದ, ಅಷ್ಟು ಕರೆಂಟ್ ಸುರಿದು ಹತ್ತಿಸಿದ ನೀರು ಕೊನೆಯ ಮುನ್ನೂರು ಅಡಿ ಹತ್ತದೆ ನಿಲ್ಲುತ್ತದೆ. ನಿಲ್ಲಿಸುವವರು ನಾವು.

ಅಜ್ಜನ ಊರು ಸಖರಾಯಪಟ್ಟಣದ ಕಡೆ, ಅಯ್ಯನಕೆರೆ ಅಚ್ಚುಕಟ್ಟು. ಅಲ್ಲೂ ನೀರಿಗೆ ಜಗಳ ಇತ್ತು. ರಾತ್ರಿ ಬದು ಕಡಿದು ನೀರು ತಿರುಗಿಸಿಕೊಳ್ಳುವವರು ಇದ್ದರು. ಆದರೆ ಯಾರ ಗದ್ದೆಗೆ ಹೋಯಿತು, ಯಾರದ್ದು ಒಣಗಿತು ಅನ್ನುವುದು ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ನೀರುಗಂಟಿ ಬಂದು ಬದು ಕಟ್ಟಿಸುತ್ತಿದ್ದ. ಇಲ್ಲಿ ಪೈಪು ನೆಲದೊಳಗೆ ಇದೆ, ಮೋಟರ್ ಕಾಂಪೌಂಡಿನೊಳಗೆ ಇದೆ. ಯಾರಿಗೂ ಏನೂ ಕಾಣುವುದಿಲ್ಲ. ಕಂಡಿದ್ದು ಆ ಕ್ಯಾಲೆಂಡರಿಗೆ ಮಾತ್ರ.

ಹಳ್ಳಿಗಳಿಗೆ ಈಗ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇದೆ. ಹಳ್ಳಿಯ ಮನೆ ಮನೆಗೆ ನಲ್ಲಿ ನೀರು ಕೊಡಲು 2019ರಲ್ಲಿ ಬಂದ ಜಲ ಜೀವನ್ ಮಿಷನ್ ಪ್ರಕಾರ ಅದರಲ್ಲಿ ಅರ್ಧದಷ್ಟಾದರೂ ಹೆಂಗಸರು ಇರಬೇಕು. ಕಿಟ್ ಕೊಟ್ಟು ನೀರು ಪರೀಕ್ಷೆ ಮಾಡುವುದನ್ನೂ ಅವರಿಗೆ ಕಲಿಸುತ್ತಾರೆ. ಜನಸಂಖ್ಯೆ ಮೂರು ಲಕ್ಷಕ್ಕಿಂತ ಕಡಿಮೆ ಇಲ್ಲದ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಸಂವಿಧಾನದ 1992ರ 74ನೇ ತಿದ್ದುಪಡಿ ಹೇಳಿದೆ. ನಮ್ಮಂಥ ಊರುಗಳು ಎರಡರ ನಡುವೆ ಇವೆ. ಹಳ್ಳಿಯೂ ಅಲ್ಲ, ಮೂರು ಲಕ್ಷವೂ ಇಲ್ಲ. ಬೆಳೆಯುತ್ತಿರುವ ಊರಿಗೇ ಇಂಥ ಸಮಿತಿ ಎಲ್ಲಕ್ಕಿಂತ ಬೇಕಾಗಿರುವುದು, ಅಲ್ವಾ? ತಲೆಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಾಕಿ ದೊಡ್ಡ ಟ್ಯಾಂಕ್ ಕಟ್ಟುತ್ತಾರೆ. ಕಟ್ಟಲಿ, ಬೇಕು. ಆ 135ರಲ್ಲಿ ಎಷ್ಟು ಕೊಡ ಕೊನೇ ಮನೆಗೆ ಬಂತು ಅಂತ ಕೇಳುವವರು ಯಾರು?

2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರು ಕೊಡಲು ಶುರು ಮಾಡಿದ್ದರು. ಪೈಪು ಯಾವಾಗಲೂ ತುಂಬಿದ್ದರೆ ಮೋಟರ್ ಯಾಕೆ ಬೇಕು? ನಾವು ಹಾಕಿಸಿದ್ದು ಮೋಟರಲ್ಲ, ಭಯ. ಇವತ್ತು ತಪ್ಪಿದರೆ ನಾಡಿದ್ದು ಅನ್ನುವ ಭಯ. ಅದು ಒಂದೇ ದಿನದಲ್ಲಿ ಹೋಗಲ್ಲ, ನನಗೆ ಗೊತ್ತು. ನನ್ನ ಹೆಂಡತಿಯೇ ಕೇಳಿದಳು, "ಬೇರೆಯವರು ಆಫ್ ಮಾಡದೆ ನಾವೊಬ್ಬರೇ ಮಾಡಿದರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೂ ಸಭೆ ಮುಗಿಯುವ ಹೊತ್ತಿಗೆ ಒಂದು ಮಾತಿಗೆ ಬಂದೆವು. ನೀರು ಬಿಟ್ಟ ಮೊದಲ ಮುಕ್ಕಾಲು ಗಂಟೆ ಯಾರೂ ಮೋಟರ್ ಹಾಕಬಾರದು. ಮೇಷ್ಟ್ರು ಒಪ್ಪಲಿಲ್ಲ, ಎದ್ದು ಹೋದರು. ಇಂಜಿನಿಯರ್ ಕ್ಯಾಲೆಂಡರಿನ ಫೋಟೋ ತೆಗೆದುಕೊಂಡರು. ಇನ್ನು ಮೇಲೆ ನೀರಿನ ಸ್ಯಾಂಪಲ್ಲನ್ನೂ ಕೊನೇ ಮನೆ ನಲ್ಲಿಯಿಂದಲೇ ತೆಗೆಸುತ್ತೇನೆ ಅಂದರು.

ಬುಧವಾರ ನೀರಿನ ದಿನ. ಆರು ಗಂಟೆಗೆ ನಾನು ದಿಬ್ಬ ಹತ್ತಿ ಅಕ್ಕನ ಮನೆ ಮುಂದೆ ನಿಂತೆ. ಕೆಳಗಿನಿಂದ ಒಂದೆರಡು ಮೋಟರಿನ ಸದ್ದು ಕೇಳುತ್ತಲೇ ಇತ್ತು. ನಲ್ಲಿ ಮೊದಲು ಬುಸ್ ಅಂತು, ಬರೀ ಗಾಳಿ. ಅಕ್ಕ ಕೊಡ ಇಟ್ಟು ಸುಮ್ಮನೆ ಕಾದರು. 6.25ಕ್ಕೆ ಸಣ್ಣಗೆ ಬಂತು, ಮೊದಲು ಕೆಂಪು, ಆಮೇಲೆ ತಿಳಿ. ಒಂಬತ್ತು ಕೊಡ ತುಂಬಿತು. ಅಕ್ಕ ಒಳಗೆ ಹೋಗಿ ಪೆನ್ಸಿಲ್ ತಂದು ಬರೆದರು. ಬಸ್ಸಿಗೆ ಹೊತ್ತಾಯಿತು ಅಂತ ಓಡುತ್ತಲೇ ತಿರುಗಿ ಕೇಳಿದರು, "ನಿಮ್ಮ ಸಂಪು ತುಂಬ್ತಾ ಅಣ್ಣ?"

ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಂದೆ. ನಾಲ್ಕು ಜನಕ್ಕೆ ಎರಡು ದಿನ ಸಾಕಾಯಿತು.

ನಾಳೆ ಮತ್ತೆ ನೀರು. ಇನ್ನೂ ಮೂರು ಮನೆಯವರು ಒಪ್ಪಿಲ್ಲ. ಸಂಜೆ ಮೇಷ್ಟ್ರ ಮನೆಗೆ ಹೋಗುತ್ತೇನೆ. ಆ ಕ್ಯಾಲೆಂಡರ್ ಒಂದು ಗಂಟೆ ಕೊಡಿ ಅಂತ ಅಕ್ಕನನ್ನು ಕೇಳಿದ್ದೇನೆ.